ಮಾನ್ಯಳ ಎಡಗೈ

ಚಾಮರಾಜಪೇಟೆಯ ಮನೆಯ ಮುಂದಿನ ಕೋಣೆಯಲ್ಲಿ ಶೈಲಜಮ್ಮ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದರು. ಮಗಳು, ಅಳಿಯ ಬೆಳಿಗ್ಗೆಯೇ ಕೆಲಸಕ್ಕೆ ಹೊರಟರೆ ಮೊಮ್ಮಗಳು ಮಾನ್ಯಳ ಊಟ, ಪಾಠ, ಹಠ ಎಲ್ಲ ಅವರ ಪಾಲಿಗೆ. ಮಾನ್ಯ ಎಡಚಿ. ಒಂದನೇ ಕ್ಲಾಸಿಗೆ ಸೇರುವವರೆಗೆ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ.

‘ಬಲಗೈ ಅಭ್ಯಾಸ ಮಾಡಿಸಿ’ ಎಂದು ಮಿಸ್ ಡೈರಿಯಲ್ಲಿ ಬರೆದು ಕಳಿಸಿದರು. ಶೈಲಜಮ್ಮನ ಗಂಡ ವೃಷಭೇಂದ್ರಪ್ಪನವರಿಗೆ ಅಷ್ಟೇ ಸಾಕಾಯಿತು. ದಿನಾ ಸಂಜೆ ಮೊಮ್ಮಗಳ ಬಲಗೈಗೆ ಪೆನ್ಸಿಲ್ ಕೊಟ್ಟು ಕಾಗುಣಿತ ಬರೆಸತೊಡಗಿದರು. ಎರಡು ವಾರದಲ್ಲಿ ಮಗುವಿಗೆ ಪುಸ್ತಕ ಕಂಡರೆ ಹೊಟ್ಟೆನೋವು.

ಒಂದು ಮಧ್ಯಾಹ್ನ ಶೈಲಜಮ್ಮ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಹಳೇ ಲೈನಿಂಗ್ ಬಟ್ಟೆ ಕತ್ತರಿಸಿ ನೋಡಿದರು. ಬಟ್ಟೆ ಅಲಗುಗಳ ನಡುವೆ ಮಡಚಿ ಸಿಕ್ಕಿಕೊಂಡಿತೇ ಹೊರತು ತುಂಡಾಗಲಿಲ್ಲ. ಬೆರಳು ಕೆಂಪಗಾಯಿತು, ಸಿಟ್ಟು ನೆತ್ತಿಗೇರಿತು. ಪಳಗಿದ ತನಗೇ ಹೀಗಾದರೆ ಆರು ವರ್ಷದ ಕೂಸಿನ ಗತಿಯೇನು?

ಸಂಜೆ ಗಂಡ ಪೆನ್ಸಿಲ್ ಹಿಡಿದು ಬಂದಾಗ ಅಡ್ಡ ನಿಂತರು.

“ಸಾಕು ಬಿಡ್ರೀ.”

“ಎಡಗೈ ಅಶುಭ ಕಣೇ. ನಾಳೆ ನಾಲ್ಕು ಜನ ಆಡ್ಕೋತಾರೆ.”

“ಅಶುಭಾನಾ? ಬೆಳಿಗ್ಗೆ ಪೂಜೆಗೆ ಲಿಂಗ ಯಾವ ಅಂಗೈ ಮೇಲೆ ಇಟ್ಕೋತೀರಿ?”

ವೃಷಭೇಂದ್ರಪ್ಪ ತಮ್ಮ ಎಡ ಅಂಗೈಯನ್ನೊಮ್ಮೆ ನೋಡಿಕೊಂಡರು. ಪೆನ್ಸಿಲ್ ಜೇಬಿಗಿಟ್ಟು, “ಮತ್ತೆ ಊಟ?” ಎಂದರು.

“ಯಾವ ಕೈ ತೊಳ್ಕೊಂಡಿದಾಳೋ ಆ ಕೈಲಿ ಉಣ್ಲಿ.”

ಮಾರನೇ ದಿನ ಶೈಲಜಮ್ಮ ಶಾಲೆಗೆ ಹೋಗಿ ಮಿಸ್ಸಿನ ಎಡಗೈಗೆ ಸೀಮೆಸುಣ್ಣ ಕೊಟ್ಟು, “ನಿಮ್ಮ ಹೆಸರು ಬರೀರಿ” ಎಂದರು. ಮಿಸ್ ನಗುತ್ತಲೇ ಶುರುಮಾಡಿದರು. ಎರಡನೇ ಅಕ್ಷರಕ್ಕೆ ನಗು ನಿಂತಿತು.

“ಬೆಂಚಿನ ಎಡತುದಿಗೆ ಕೂರಿಸಿ. ಪಕ್ಕದವರಿಗೆ ಮೊಣಕೈ ತಗಲಲ್ಲ. ಅಷ್ಟೇ ನಾನು ಕೇಳೋದು.”

ಆಮೇಲೆ ಚಿಕ್ಕಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದು ಎಡಗೈ ಕತ್ತರಿ ತಂದರು. ಪಕ್ಕದಲ್ಲಿ ಕೂರಿಸಿಕೊಂಡು ಬಟ್ಟೆ ಕತ್ತರಿಸಲು ಕಲಿಸಹೋದರೆ ಮಗುವಿಗೆ ಎಲ್ಲವೂ ತಿರುಗುಮುರುಗು. ಎದುರುಬದುರು ಕೂತರು, ಕನ್ನಡಿಯಲ್ಲಿ ನೋಡಿದಂತೆ, ಆಗ ಸಲೀಸಾಯಿತು.

ಮಾನ್ಯ ಈಗ ಒಂಬತ್ತನೇ ಕ್ಲಾಸು. ಬರೆದದ್ದರ ಮೇಲೇ ಕೈ ಎಳೆದು ಅಂಗೈಯಂಚು ಸದಾ ನೀಲಿ. ಅಕ್ಷರ ಮಾತ್ರ ಗುಂಡಗೆ. ಹೋದ ತಿಂಗಳು ಅಜ್ಜಿಗೊಂದು ರವಿಕೆ ತಾನೇ ಕತ್ತರಿಸಿ ಹೊಲಿದಳು. ಶೈಲಜಮ್ಮ ತೊಟ್ಟು, ಕೈ ಎತ್ತಿ ಇಳಿಸಿ ನೋಡಿದರು.

“ಕತ್ತಿನ ಸುತ್ತು ನನಗಿಂತ ಚೆನ್ನಾಗಿ ಕೂರಿಸಿದೀಯ. ತೋಳು ಬಿಗಿ. ಬಿಚ್ಚಿ ಇನ್ನೊಂದ್ಸಲ ಹೊಲಿ.”