ಆಡಳಿತಾಧಿಕಾರಿ ಪ್ರವೇಶಿಸಿದರು

ಬಿಳಿಗೆರೆಯ ಕಾಂತೇಶನ ಕೆಲಸ ಹೋದದ್ದು ಕಳ್ಳತನದಿಂದಲ್ಲ, ಸೋಮಾರಿತನದಿಂದಲ್ಲ, ಒಂದೇ ಒಂದು ಕನ್ನಡ ಪದದಿಂದ. ಈ ಮಾತನ್ನು ತಿಪಟೂರಿನಲ್ಲಿ ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಕ್ಕು ಸುಸ್ತಾದ ಮೇಲೆ, ಅವನೂ ಸ್ವಲ್ಪ ಹುಷಾರಾಗಿರಬೇಕಿತ್ತು ಬಿಡಿ ಎನ್ನುತ್ತಾರೆ. ಅತಿ ಹುಷಾರಾಗಿದ್ದದ್ದೇ ಅವನನ್ನು ತಿಂದಿತು ಎಂದು ಕೂತು ಕೇಳುವ ವ್ಯವಧಾನ ಯಾರಿಗೂ ಇಲ್ಲ. ನನಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅದು ತೆಂಗು ಬೆಳೆಗಾರರ ಒಂದು ಸಹಕಾರ ಸಂಘ. ಹೆಸರು ಬೇಡ. ಹೇಳಿದರೆ ಅದರ ಹಳೆಯ ನಿರ್ದೇಶಕರು ಇವತ್ತಿಗೂ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾರೆ. ಮುಖ್ಯ ಕಚೇರಿ ತಿಪಟೂರಿನಲ್ಲಿ. ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿಯಲ್ಲಿ ಒಂದೊಂದು ಶಾಖೆ. ಸದಸ್ಯರು ತಂದ ಕೊಬ್ಬರಿಯನ್ನು ತೂಗಿ, ಯಾರದು, ಎಷ್ಟು ತೂಕ, ಎಂಥ ಮಾಲು ಎಂದು ಚೀಟಿ ಕೊಡುವುದು ಅಲ್ಲಿನ ಮುಖ್ಯ ಕೆಲಸ. ಆ ಚೀಟಿ ಕಂಪ್ಯೂಟರಿನಿಂದ ಬರಲು ಶುರುವಾದ ತೊಂಬತ್ತೇಳನೇ ಇಸವಿಯಲ್ಲಿ ಕಾಂತೇಶ ಸೇರಿದ. ತಾತ್ಕಾಲಿಕ ಎಂದು ಸೇರಿಸಿಕೊಂಡರು. ಹನ್ನೊಂದು ತಿಂಗಳಿಗೆ ಆದೇಶ ಮುಗಿಯುವುದು, ಒಂದು ದಿನ ಮನೆಯಲ್ಲಿ ಕೂರಿಸುವುದು, ಮತ್ತೆ ಹೊಸ ಆದೇಶ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹನ್ನೊಂದು ತಿಂಗಳಿಗೆ ಒಣಗಿ ಕೊಬ್ಬರಿಯಾಗಿ ಕೆಳಗಿಳಿಯುತ್ತದೆ. ಕಾಂತೇಶ ಮಾತ್ರ ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ಹಸಿಕಾಯಿಯಾಗುತ್ತಿದ್ದ. ಒಂಬತ್ತು ವರ್ಷ ಹೀಗೇ ನಡೆಯಿತು. ಅವನಿಗೆ ಬೇಕಾದದ್ದು ಒಂದೇ: ಕಾಯಂ ಆಗುವುದು. ಹೆಂಡತಿ ನಿರ್ಮಲಾಗೆ ಮದುವೆಯ ವರ್ಷವೇ ಹೇಳಿದ್ದ, ಮುಂದಿನ ಮೀಟಿಂಗಿನಲ್ಲಿ ಆಗುತ್ತೆ ಅಂತ. ಆ ಮುಂದಿನ ಮೀಟಿಂಗು ಮುಂದೆಯೇ ಹೋಗುತ್ತಿತ್ತು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಸಂಘದಲ್ಲಿ ಹದಿನಾಲ್ಕು ಕಂಪ್ಯೂಟರುಗಳಾಗಿದ್ದವು, ಹದಿನಾಲ್ಕೂ ಹೇಳುವವರು ಕೇಳುವವರಿಲ್ಲದೆ ನಡೆಯುತ್ತಿದ್ದವು. ಕೂತವರೆಲ್ಲ ತಮಗೆ ತೋಚಿದ್ದನ್ನು ಹಾಕಿಕೊಳ್ಳುವವರೇ. ಒಬ್ಬರಿಗೆ ಇಸ್ಪೀಟಾಟ, ಒಬ್ಬರಿಗೆ ಸಿನಿಮಾ ಹಾಡು. ಮಾಯಸಂದ್ರದಲ್ಲಿ ಯಾರೋ ತಂದ ಫ್ಲಾಪಿಯಿಂದ ವೈರಸ್ ಹೊಕ್ಕು, ಸೀಸನ್ನಿನ ನಡುವೆ ಎಂಟು ದಿನ ಅಲ್ಲಿನ ಮಷೀನುಗಳು ಸತ್ತು ಮಲಗಿದವು. ರೈತರು ಚೀಲದ ಮೇಲೆ ಕೂತು ಸಂಘದ ಮೂರು ತಲೆಮಾರನ್ನು ಬೈದರು.

ಆಮೇಲೆ ಕಾಂತೇಶ ಬಿಗಿ ಮಾಡಿದ. ಪ್ರತಿ ಮಷೀನಿನಲ್ಲೂ ಎರಡು ಹೆಸರು ಮಾಡಿದ. ಒಂದು ನೌಕರರದು: ಚೀಟಿ ಬರೆಯಬಹುದು, ಪ್ರಿಂಟ್ ತೆಗೆಯಬಹುದು, ಅಷ್ಟೆ. ಇನ್ನೊಂದು ಅಡ್ಮಿನಿಸ್ಟ್ರೇಟರ್: ಹೊಸ ಸಾಫ್ಟ್‌ವೇರ್ ಹಾಕುವ, ಹಳೆಯದನ್ನು ತೆಗೆಯುವ ಹಕ್ಕು ಆ ಹೆಸರಿಗೆ ಮಾತ್ರ. ಅದರ ಪಾಸ್‌ವರ್ಡ್ ಕಾಂತೇಶನ ತಲೆಯಲ್ಲಿತ್ತು, ಇನ್ನೊಂದು ಪ್ರತಿ ಅರಗು ಹಾಕಿದ ಕವರಿನಲ್ಲಿ ಕಾರ್ಯದರ್ಶಿ ಸದಾಶಿವಯ್ಯನವರ ಬೀರುವಿನಲ್ಲಿತ್ತು. ನಿರ್ಮಲಾಗೂ ಅವನು ಅದನ್ನು ಹೇಳಲಿಲ್ಲ. ಪಾಸ್‌ವರ್ಡ್ ಒತ್ತುವಾಗ ಪಕ್ಕದಲ್ಲಿದ್ದವರು ಮುಖ ಗೋಡೆ ಕಡೆ ತಿರುಗಿಸಿಕೊಳ್ಳಬೇಕು ಎಂದು ನಿಯಮ ಮಾಡಿದ. ಮುಖ್ಯ ಕಚೇರಿಯಲ್ಲಿ ಆಗಷ್ಟೇ ಸೇರಿದ್ದ ಅನುಪಮಾಗೆ ಮೊದಲ ದಿನವೇ ಹೇಳಿಕೊಟ್ಟದ್ದು ಇದನ್ನೇ.

ಎಲ್ಲರೂ ತಿರುಗಿದರು, ಮಾಯಸಂದ್ರದ ಮ್ಯಾನೇಜರ್ ಕೆಂಚಪ್ಪ ಒಬ್ಬರನ್ನು ಬಿಟ್ಟು. ಐವತ್ತು ದಾಟಿದ ಮನುಷ್ಯ, ಊರಿನಲ್ಲಿ ನ್ಯಾಯ ಹೇಳುವವರು. ಕಾಂತೇಶ ಕೈಮುಗಿದು ಕೇಳಿದ ಮೇಲೆ ತಿರುಗಿದರು, ಆದರೆ ಆ ಗೋಡೆಯನ್ನು ಮರೆಯಲಿಲ್ಲ. ಇನ್ನೊಂದು ಸಿಟ್ಟೂ ಇತ್ತು. ಕೆಂಚಪ್ಪನವರು ಹನ್ನೊಂದಕ್ಕೆ ಬಂದು, ಕಂಪ್ಯೂಟರಿನ ಗಡಿಯಾರವನ್ನು ಹತ್ತಕ್ಕೆ ತಿರುಗಿಸಿ ಮೊದಲ ಚೀಟಿ ತೆಗೆಯುತ್ತಿದ್ದವರು. ಈಗ ಗಡಿಯಾರ ಮುಟ್ಟಿದರೆ ನಿಮಗೆ ಹಕ್ಕಿಲ್ಲ ಎಂದು ಅದೇ ಹೇಳುತ್ತಿತ್ತು. ಮುವ್ವತ್ತು ವರ್ಷ ಸರ್ವೀಸ್ ಮಾಡಿದೋನಿಗೆ ಹಕ್ಕಿಲ್ಲ, ನಿನ್ನೆ ಬಂದ ಟೆಂಪರರಿಗೆ ಹಕ್ಕೈತೆ ಎಂದು ಅವರು ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದರು.

ಬಿಗಿ ಮಾಡಿದ್ದಕ್ಕೆ ಕಾಂತೇಶನೂ ಬೆಲೆ ತೆತ್ತ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಎರಡು ತಿಂಗಳಿಗೊಂದು ಹೊಸ ಸೀಡಿ ಬರುವುದು. ನೌಕರರು ಹಾಕಲು ಹೋದರೆ ಹಕ್ಕಿಲ್ಲ ಎನ್ನುವುದು. ಹಾಗಾಗಿ ಅವನೇ ಸೀಡಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ನೇತಾಡಿಕೊಂಡು ಮೂರು ಊರು ಸುತ್ತಬೇಕು. ಒಂದು ವರ್ಷ ಸುತ್ತಿದ. ಆಮೇಲೆ ಮ್ಯಾನ್ಯುಯಲ್ ಓದಿ, ತಾನಾಗಿ ನಡೆಯುವ ಒಂದು ದಾರಿ ಕಂಡುಹಿಡಿದ. ದಿನಾ ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರೂ ಊಟಕ್ಕೆ ಎದ್ದಾಗ, ಪ್ರತಿ ಮಷೀನೂ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಒಂದು ಫೋಲ್ಡರನ್ನು ತೆರೆದು ನೋಡಬೇಕು. ಕಾಂತೇಶನ ಗುರುತಿರುವ ಫೈಲು ಅಲ್ಲಿದ್ದರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಮುಚ್ಚಿ ಸುಮ್ಮನಾಗಬೇಕು. ಇನ್ನು ಅವನು ಸೀಡಿಯನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಶಾಖೆಯವರು ಇಳಿಸಿಕೊಂಡು ಆ ಫೋಲ್ಡರಿಗೆ ಹಾಕಿ ಊಟಕ್ಕೆ ಹೋದರೆ ಸಾಕು. ಯಾರಿಗೂ ಹಕ್ಕು ಕೊಡದೆ, ಯಾರನ್ನೂ ಗೋಡೆಗೆ ತಿರುಗಿಸದೆ ಕೆಲಸವಾಗುತ್ತಿತ್ತು. ಮೊದಲ ಸಲ ಹದಿನಾಲ್ಕೂ ಸರಿಯಾಗಿ ಹಾಕಿಕೊಂಡ ದಿನ ಅವನು ಮನೆಗೆ ಬಾದೂಷಾ ತಂದ. ನಿರ್ಮಲಾ ಕಾಯಂ ಆಯ್ತಾ ಎಂದು ಕೇಳಿದಳು, ಪಾಪ.

ಇಲ್ಲಿಗೆ ಬಂತು ನೋಡಿ ಆ ಪದ. ಯಾವ ದಿನ ಯಾವ ಶಾಖೆಯಲ್ಲಿ ಏನು ಹಾಕಿತು ಎಂದು ಕಾಂತೇಶ ಒಂದು ದಾಖಲೆ ಪುಸ್ತಕ ಇಟ್ಟಿದ್ದ, ಇಂಗ್ಲಿಷಿನಲ್ಲಿ. ತಪಾಸಣೆಗೆ ಬಂದವರು ಕಚೇರಿಯ ಪುಸ್ತಕವೆಲ್ಲ ಕನ್ನಡದಲ್ಲಿರಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದು ಹೋದರು. ಸದಾಶಿವಯ್ಯ ಅವನನ್ನು ಕರೆದು, ಇನ್ನು ಮೇಲೆ ಕನ್ನಡದಲ್ಲೇ ಬರಿಯಪ್ಪ, ಒಂದು ಇಂಗ್ಲಿಷ್ ಪದವೂ ಇರಕೂಡದು ಎಂದರು. ಕಾಂತೇಶ ಲೈಬ್ರರಿಗೆ ಹೋಗಿ ನಿಘಂಟು ತೆಗೆದ. ಅಡ್ಮಿನಿಸ್ಟ್ರೇಟರ್: ಆಡಳಿತಾಧಿಕಾರಿ. ಸದಾಶಿವಯ್ಯನವರಿಗೂ ತೋರಿಸಿದ. ಅವರು ಚೆನ್ನಾಗಿದೆ ಎಂದು ಸಹಿ ಹಾಕಿದರು.

ಸಹಕಾರ ಸಂಘದ ಗಾಳಿ ಕುಡಿದವರಿಗೆ ಗೊತ್ತು, ಆಡಳಿತಾಧಿಕಾರಿ ಎಂದರೆ ಯಾರೆಂದು. ಆಡಳಿತ ಮಂಡಳಿಯನ್ನು ಕಿತ್ತುಹಾಕಿ ಸರ್ಕಾರ ತಂದು ಕೂರಿಸುವ ಅಧಿಕಾರಿ ಅವನು. ಆ ವರ್ಷ ಎದುರು ಗುಂಪಿನವರು ಮಂಡಳಿಯ ಮೇಲೆ ಅರ್ಜಿಯ ಮೇಲೆ ಅರ್ಜಿ ಹಾಕಿದ್ದರು. ಅಧ್ಯಕ್ಷ ಶ್ರೀರಂಗಯ್ಯನವರಿಗೆ ರಾತ್ರಿ ನಿದ್ದೆ ಇರಲಿಲ್ಲ. ಜೀಪಿನ ಸದ್ದಾದರೆ ಆಡಳಿತಾಧಿಕಾರಿ ಬಂದನೇ ಎಂದು ಕಿಟಕಿಗೆ ಹೋಗುವವರು. ಇಂಥ ಹೊತ್ತಿನಲ್ಲಿ ಕೆಂಚಪ್ಪನವರು ಮುಖ್ಯ ಕಚೇರಿಗೆ ಬಂದು, ಕಾಂತೇಶನ ಪುಸ್ತಕ ತಿರುವಿ, ಒಂದು ಪುಟ ಜೆರಾಕ್ಸ್ ಮಾಡಿಸಿಕೊಂಡು ನೇರವಾಗಿ ಅಧ್ಯಕ್ಷರ ಮನೆಗೆ ನಡೆದರು.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಮಂಡಳಿಯ ಸಭೆ. ವಿಷಯಪಟ್ಟಿಯಲ್ಲಿ ನಾಲ್ಕನೆಯದು, ಕಾಂತೇಶನನ್ನು ಕಾಯಂ ಮಾಡುವುದು. ನಿರ್ಮಲಾ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಕಳಿಸಿದ್ದಳು. ಒಳಗೆ ಕರೆದಾಗ ಅವನು ಆದೇಶ ಕೊಡಲೆಂದೇ ಕರೆದರು ಎಂದುಕೊಂಡು ಹೋದ. ಶ್ರೀರಂಗಯ್ಯ ಕನ್ನಡಕ ಏರಿಸಿಕೊಂಡು ಆ ಜೆರಾಕ್ಸ್ ಹಾಳೆಯನ್ನು ಓದಿದರು.

"ಈ ದಿನ ಮಧ್ಯಾಹ್ನ ಎರಡು ಗಂಟೆಗೆ ಆಡಳಿತಾಧಿಕಾರಿಯು ಮಾಯಸಂದ್ರ ಶಾಖೆಯನ್ನು ಪ್ರವೇಶಿಸಿ, ಹಳೆಯದನ್ನು ತೆಗೆದು ಹೊಸದನ್ನು ಸ್ಥಾಪಿಸಿದರು. ನೌಕರರಿಗೆ ತಿಳಿಸುವ ಅಗತ್ಯ ಬೀಳಲಿಲ್ಲ. ನೌಕರರಿಗೆ ಯಾವ ಹಕ್ಕೂ ಇರುವುದಿಲ್ಲ."

ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದರು. "ಯಾರ್ಲಾ ಈ ಆಡಳಿತಾಧಿಕಾರಿ?"

"ನಾನೇ ಸಾರ್," ಎಂದುಬಿಟ್ಟ ಕಾಂತೇಶ.

ಅಷ್ಟು ಸಾಕಾಯಿತು. ಅದು ಮನುಷ್ಯನಲ್ಲ, ಕಂಪ್ಯೂಟರಿನೊಳಗಿರುವ ಒಂದು ಹೆಸರು, ಆ ಹೆಸರಿನಲ್ಲಿ ಹೋದರೆ ಮಾತ್ರ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುತ್ತದೆ ಎಂದು ಅವನು ಆಮೇಲೆ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಕಂಪ್ಯೂಟರೊಳ್ಗೆ ಆಡಳಿತಾಧಿಕಾರಿ ಕೂರ್ಸಿ ಮಡಗವ್ನೆ, ನಾವು ಹೊರಗೆ ಹುಡುಕ್ತಿದ್ವಿ ಎಂದರು ಒಬ್ಬ ನಿರ್ದೇಶಕರು. ಎದುರು ಗುಂಪಿನವರು ಇವನ ಕೈಯಲ್ಲಿ ಬರೆಸಿದ್ದಾರೆ ಎಂದರು ಇನ್ನೊಬ್ಬರು. ಕಾಂತೇಶ ಸದಾಶಿವಯ್ಯನವರ ಕಡೆ ನೋಡಿದ. ಕನ್ನಡದಲ್ಲಿ ಬರೆ ಎಂದವರು ಅವರು, ಪದ ನೋಡಿ ಸಹಿ ಹಾಕಿದವರು ಅವರು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅವರು ನಡಾವಳಿ ಪುಸ್ತಕದ ಹಾಳೆ ತಿರುವಿ, ಪೆನ್ನಿನ ಕ್ಯಾಪು ತೆಗೆದು, ಮುಂದೆ ಹೇಳುವುದನ್ನು ಬರೆದುಕೊಳ್ಳಲು ತಲೆ ತಗ್ಗಿಸಿದರು. ತಾತ್ಕಾಲಿಕ ನೌಕರನ ಸೇವೆಯನ್ನು ಮುಂದುವರಿಸುವ ಅಗತ್ಯವಿಲ್ಲ ಎಂದು ಗುಂಡಗಿನ ಅಕ್ಷರದಲ್ಲಿ ಬರೆದರು. ಅವರ ಅಕ್ಷರ ಯಾವಾಗಲೂ ಚೆಂದ.

ಕಾಂತೇಶ ಬಿಳಿಗೆರೆಯ ತೋಟಕ್ಕೆ ವಾಪಸಾದ. ಊಟಕ್ಕೆ ತೊಂದರೆಯಿರಲಿಲ್ಲ, ಅಪ್ಪ ಹಾಕಿದ ಮರಗಳಿದ್ದವು. ಆದರೆ ಮನುಷ್ಯ ಊಟಕ್ಕೊಂದಕ್ಕೇ ಬದುಕುವುದಿಲ್ಲ. ಸಂಘಕ್ಕೆ ದ್ರೋಹ ಬಗೆದವನು ಎಂಬ ಮಾತು ಸಂತೆಯಲ್ಲಿ ಎದುರಾಗುತ್ತಿತ್ತು. ಅವನು ಸಂತೆಗೆ ಹೋಗುವುದನ್ನೇ ಬಿಟ್ಟ. ಅತ್ತ ದಿನಾ ಮಧ್ಯಾಹ್ನ ಎರಡು ಗಂಟೆಗೆ ಹದಿನಾಲ್ಕು ಮಷೀನುಗಳೂ ಅವನಿಟ್ಟ ಫೋಲ್ಡರನ್ನು ತೆರೆದು, ಏನೂ ಇಲ್ಲದ್ದನ್ನು ಕಂಡು, ಮುಚ್ಚುತ್ತಿದ್ದವು. ಅವನನ್ನು ಕೆಲಸದಿಂದ ತೆಗೆದ ಸುದ್ದಿಯನ್ನು ಅವಕ್ಕೆ ಯಾರೂ ಹೇಳಿರಲಿಲ್ಲ.

ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಸದಾಶಿವಯ್ಯ ಮೊಪೆಡ್ಡಿನಲ್ಲಿ ಬಿಳಿಗೆರೆಗೆ ಬಂದರು. ಕಾಂತೇಶ ಅಟ್ಟದ ಮೇಲೆ ಕಾಯಿ ಸರಿಸುತ್ತಿದ್ದವನು ಇಳಿಯಲಿಲ್ಲ. ಏಣಿಯ ಬುಡದಲ್ಲಿ ನಿಂತೇ ಅವರು ಹೇಳಿದರು: ಮಂಡಳಿ ವಜಾ ಆಗಿದೆ, ತುಮಕೂರಿನಿಂದ ನಿಜವಾದ ಆಡಳಿತಾಧಿಕಾರಿಯೇ ಬಂದು ಕೂತಿದ್ದಾರೆ. ಎರಡು ವರ್ಷ ಹಳೆಯದರಲ್ಲೇ ತಳ್ಳಿದ್ದಾಯಿತು, ಈಗ ಹೊಸ ಸಾಫ್ಟ್‌ವೇರ್ ಹಾಕಲೇಬೇಕು, ಯಾವ ಮಷೀನೂ ಬಿಡುತ್ತಿಲ್ಲ. ರಿಪೇರಿಯವನು ಎಲ್ಲ ಅಳಿಸಿ ಹಾಕಬೇಕು, ಒಳಗಿದ್ದದ್ದು ಹೋದರೆ ನಾನು ಹೊಣೆಯಲ್ಲ ಎಂದಿದ್ದಾನೆ.

ಬೀರುವಿನಲ್ಲಿ ಕವರು ಇದೆಯಲ್ಲ ಎಂದ ಕಾಂತೇಶ. ಸದಾಶಿವಯ್ಯ ನೆಲ ನೋಡಿದರು. ಪುಸ್ತಕ ಕನ್ನಡಕ್ಕೆ ತಿರುಗಿದಾಗ ಆ ಕವರಿನ ಮೇಲೂ ಆಡಳಿತಾಧಿಕಾರಿಗೆ ಮಾತ್ರ ಎಂದು ಅವನೇ ಬರೆದಿದ್ದ. ಸಭೆಯ ದಿನವೇ ಅವರು ಅದನ್ನು ಒಲೆಗೆ ಹಾಕಿದ್ದರು.

"ಅವತ್ತು ನಿಮಗೆ ಗೊತ್ತಿತ್ತಲ್ಲ ಸಾರ್, ಆ ಪದದ ಅರ್ಥ?"

"ಗೊತ್ತಿತ್ತು ಕಣಪ್ಪ. ಬಾಯಿ ಬುಟ್ಟಿದ್ರೆ ನಂಗೂ ಅದ್ರಲ್ಲಿ ಪಾಲೈತೆ ಅಂತಿದ್ರು. ನಂಗೆ ರಿಟೈರ್ಡ್ ಆಗಕ್ಕೆ ಮೂರೇ ವರ್ಷ ಇತ್ತು."

ಈ ಮಾತನ್ನು ಆ ಅಧಿಕಾರಿಯ ಮುಂದೆ ಹೇಳುವುದಾದರೆ ಬರುತ್ತೇನೆ ಎಂದ ಕಾಂತೇಶ. ಹೇಳ್ತೀನಿ ಎಂದರು. ನಿರ್ಮಲಾ ಹೋಗಬೇಡಿ ಎಂದಳು, ಆಮೇಲೆ ತಾನೇ ಪೆಟ್ಟಿಗೆಯಿಂದ ಆ ಬಿಳಿ ಶರ್ಟು ತೆಗೆದುಕೊಟ್ಟಳು. ಆಸೆ ಎನ್ನುವುದು ಎಂಥ ಕೆಟ್ಟ ಚಾಳಿ ನೋಡಿ.

ಅಧಿಕಾರಿ ಒಳ್ಳೆಯ ಮನುಷ್ಯ, ಅದೇ ಬೇಜಾರಿನ ಸಂಗತಿ. ಕಾಂತೇಶನ ಹಳೆಯ ಪುಸ್ತಕ ಅವರ ಮುಂದಿತ್ತು. ಒಂದು ಪುಟ ಓದಿದೊಡನೆ, ಆಡಳಿತಾಧಿಕಾರಿ ಅಂದರೆ ಅಡ್ಮಿನಿಸ್ಟ್ರೇಟರ್ ಲಾಗಿನ್ ತಾನೇ ಎಂದು ಮುಗುಳ್ನಕ್ಕರು. ಒಂಬತ್ತು ವರ್ಷದ ಬದುಕನ್ನು ನುಂಗಿದ ಒಗಟು ಅಲ್ಲಿ ಅರ್ಧ ನಿಮಿಷಕ್ಕೆ ಬಿಡಿಸಿಹೋಯಿತು. ಇಷ್ಟು ಅಚ್ಚುಕಟ್ಟಾಗಿ ದಾಖಲೆ ಇಟ್ಟವರನ್ನು ಎಲ್ಲೂ ನೋಡಿಲ್ಲ, ಯಾಕೆ ಬಿಟ್ಟಿರಿ ಎಂದು ಕೇಳಿದರು. ಕಾಂತೇಶ ಪಕ್ಕಕ್ಕೆ ತಿರುಗಿ ಸದಾಶಿವಯ್ಯನವರನ್ನು ನೋಡಿದ. ಅವರು ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿದೆಯೆಂದು ಎದ್ದು ಹೋಗಿ ಅಗುಳಿ ಹಾಕುತ್ತಿದ್ದರು.

ಕಾಂತೇಶನೇ ಎಲ್ಲವನ್ನೂ ಹೇಳಿದ. ಅಧಿಕಾರಿ ಪೂರ್ತಿ ಕೇಳಿ, ನಿಜವಾಗಿಯೂ ಮುಖ ಸಣ್ಣದು ಮಾಡಿಕೊಂಡರು. "ನನಗಿರೋದು ಆರು ತಿಂಗಳು. ಆಡಳಿತಾಧಿಕಾರಿಗೆ ನೇಮಕ ಮಾಡೋ ಹಕ್ಕಿಲ್ಲ ಕಣ್ರೀ," ಎಂದರು.

ಆಮೇಲೆ ಎಲ್ಲರೂ ಕಂಪ್ಯೂಟರಿನ ಮುಂದೆ ಸೇರಿದರು. ಅನುಪಮಾ ಕೂತಿದ್ದಳು, ಈಗ ಅವನ ಕೆಲಸ ಅವಳದು. ಪಾಸ್‌ವರ್ಡ್ ಬಾಯಲ್ಲೇ ಹೇಳಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು ಎಂದರು ಅಧಿಕಾರಿ. ನಾಲ್ಕು ವರ್ಷ ಹೆಂಡತಿಗೂ ಹೇಳದ್ದನ್ನು ಕಾಂತೇಶ ಅಷ್ಟು ಜನರ ಮುಂದೆ ಒಂದೊಂದೇ ಅಕ್ಷರವಾಗಿ ಹೇಳಿದ.

"ಕೆ, ಎ, ವೈ, ಎ, ಎಂ."

ಅನುಪಮಾ ಒತ್ತಿದಳು. "ಕಾಯಂ," ಎಂದು ಜೋಡಿಸಿ ಓದಿದರು ಅಧಿಕಾರಿ. ಮಷೀನು ಒಳಗೆ ಬಿಟ್ಟಿತು. ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳತೊಡಗಿತು. ಮಿಕ್ಕ ಹದಿಮೂರಕ್ಕೂ ಇದೇ ಸಾಕು ಎಂದು ಕಾಂತೇಶ ಹೇಳಿದ. ಹೊರಗಿನವರಿಗೆ ಗೊತ್ತಿರುವ ಪಾಸ್‌ವರ್ಡ್ ಇಟ್ಟುಕೊಳ್ಳುವುದು ಸರಿಯಲ್ಲ, ಈಗಲೇ ಬದಲಾಯಿಸಿಬಿಡಮ್ಮ ಎಂದರು ಸದಾಶಿವಯ್ಯ. ಆ ಅಧಿಕಾರಿಯ ಮುಂದೆ ಅವರು ಬಾಯಿ ಬಿಟ್ಟದ್ದು ಅದೊಂದಕ್ಕೇ.

ಅನುಪಮಾ ಕೀಲಿಮಣೆಯ ಮೇಲೆ ಕೈಯಿಟ್ಟು, ಒತ್ತದೆ ಹಾಗೇ ಕೂತಳು. ಅವಳಿಗೂ ಸಂಕೋಚವಾಗಿತ್ತು.

"ಸಾರ್, ನೀವೇ ಹೇಳ್ಕೊಟ್ಟಿದ್ದು. ಸ್ವಲ್ಪ ಆಕಡೆ..."

ಕಾಂತೇಶ ಗೋಡೆಯ ಕಡೆ ತಿರುಗಿ ನಿಂತ. ಅವಳು ಮುಗಿಸಿ ಆಯ್ತು ಸಾರ್ ಎಂದ ಮೇಲೂ ಅವನು ಸ್ವಲ್ಪ ಹೊತ್ತು ತಿರುಗಲಿಲ್ಲ.