ಪಿಳ್ಳಣ್ಣನವರ ಸರ್ವರ್

ಬಿಟಿಎಂ ಲೇಔಟಿನಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆಯನ್ನೇ ಬ್ರೌಸಿಂಗ್ ಸೆಂಟರ್ ಮಾಡಿರುವ ಪಿಳ್ಳಣ್ಣನವರು ಚಪ್ಪಲಿ ಹೊರಗೆ ಬಿಡದವರನ್ನು ಒಳಗೆ ಸೇರಿಸುವುದಿಲ್ಲ. ಆರು ಕಂಪ್ಯೂಟರಿಗೂ ದಿನಾ ಕುಂಕುಮವಿಟ್ಟು ಊದುಬತ್ತಿ ಬೆಳಗುತ್ತಾರೆ. "ಇನ್ನು ಅಂಗಡಿ, ಆಫೀಸು, ಇಸ್ಕೂಲು ಎಲ್ಲಾ ಇದರೊಳಗೇ ಬತ್ತದೆ, ನೋಡ್ತಿರಿ ಸಾರ್" ಅನ್ನುತ್ತಾರೆ, ನಾನು ನಗುತ್ತೇನೆ. ಪಿಯುಸಿ ಫಲಿತಾಂಶದ ದಿನ ಮಾತ್ರ ಯಾರಿಗೂ ಕೀಬೋರ್ಡ್ ಮುಟ್ಟಗೊಡುವುದಿಲ್ಲ. ನಂಬರನ್ನು ತಾವೇ ಒತ್ತಿ, ಮಾನಿಟರನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಪಾಸಾದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಫೇಲಾದರೆ "ಸರ್ವರ್ ಡೌನ್ ಕಣಮ್ಮ, ಕೂತ್ಕೋ, ಟೀ ಕುಡಿ" ಎಂದು ಕೂರಿಸಿ, ಆಚೆ ಹೋಗಿ ಮೆಲ್ಲಗೆ ಅವರ ಮನೆಗೆ ಫೋನ್ ಮಾಡುತ್ತಾರೆ. ಹೋದ ವರ್ಷ ಇಲ್ಲಿ ಫಲಿತಾಂಶ ನೋಡಿ ಒಬ್ಬಳೇ ಎದ್ದುಹೋದ ಹುಡುಗಿ ಮನೆ ಸೇರಲಿಲ್ಲ. ಈಗ ಅಮ್ಮನೋ ಅಪ್ಪನೋ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವವರೆಗೂ ಪಿಳ್ಳಣ್ಣನವರ ಸರ್ವರ್ ಏಳುವುದಿಲ್ಲ.