ಮೆಲ್ಲಗೆ ಹಿಡಿದದ್ದಕ್ಕೆ ನಲವತ್ತೊಂದು

ಗೆಳೆಯರೇ, ಇವತ್ತು ಬೆಳಿಗ್ಗೆ ನನಗೆ ಒಮ್ಮೆಲೇ ನಲವತ್ತೊಂದು ವರ್ಷವಾಯಿತು. ಆಧಾರ್ ಕಾರ್ಡಿನಲ್ಲಿ ಇಪ್ಪತ್ತಮೂರು.

ಕಲ್ಲಡ್ಕದ ಆರೋಗ್ಯ ಶಿಬಿರದಲ್ಲಿ ದೇಹದ ಪ್ರಾಯ ಹೇಳುವ ಯಂತ್ರ ಇಟ್ಟಿದ್ದರು. ತೂಕ, ರಕ್ತದೊತ್ತಡ ನೋಡಿದ ಮೇಲೆ ಕೈಯ ಬಲ ಅಳೆಯಲು ಅದರ ಹಿಡಿಯನ್ನು ಅಮುಕಬೇಕು. ನನ್ನ ಜೊತೆ ಬೀಡಿ ಕಟ್ಟುವ ಲೀಲಕ್ಕನಿಗೆ ಐವತ್ತೆರಡು. ಯಂತ್ರ ನಲವತ್ತು ಎಂದಿತು. ನಾನು ಅವರಿಗಿಂತ ಒಂದು ವರ್ಷ ದೊಡ್ಡವಳು! ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಕೈಯಲ್ಲಿ ಯಂತ್ರ ಕೊಟ್ಟ ಈ ಚೀಟಿ.

ನಾಚಿಕೆ ಬಿಟ್ಟು ನರ್ಸನ್ನು ಕೇಳಿದೆ, "ಸಿಸ್ಟರ್, ಪ್ರಾಯ ನಿಧಾನ ಮಾಡುವ ಮಾತ್ರೆ ಉಂಟಂತಲ್ಲ?"

"ಪರೀಕ್ಷೆ ಮಾಡ್ತಾ ಇದ್ದಾರೆ. ಮನುಷ್ಯರಿಗೆ ಆಗ್ತದಾ ಅಂತ ಇನ್ನೂ ಗೊತ್ತಿಲ್ಲ."

ಲೀಲಕ್ಕ ನಕ್ಕರು. "ಮಾತ್ರೆ ಎಂತಕ್ಕೆ ಮಾರಾಯ್ತಿ? ನೀನು ಬೀಡಿ ಎಲೆ ಹಿಡಿದ ಹಾಗೆ ಹಿಡಿದದ್ದು. ಯಂತ್ರದ ಹಿಡಿ ಹರಿಯುದಿಲ್ಲ. ಬಾವಿಯ ಹಗ್ಗ ಎಳೆದ ಹಾಗೆ ಅಮುಕು!"

ಹೌದು, ಎಲೆ ಹರಿಯಬಾರದೆಂದು ಎಂಟು ವರ್ಷದಿಂದ ಎಲ್ಲವನ್ನೂ ಮೆಲ್ಲಗೆ ಹಿಡಿದೇ ಅಭ್ಯಾಸ. ಈ ಸಲ ಹಲ್ಲು ಕಚ್ಚಿ ಅಮುಕಿದೆ. ಇಪ್ಪತ್ತೇಳು!

ಮಾತ್ರೆಯಿಲ್ಲದೆ ಎರಡೇ ನಿಮಿಷದಲ್ಲಿ ಹದಿನಾಲ್ಕು ವರ್ಷ ಇಳಿಯಿತು. ಉಳಿದ ನಾಲ್ಕು ವರ್ಷ ದೇಹದಲ್ಲಿ ಎಲ್ಲಿ ಕೂತಿದೆಯೋ ಎಂದು ಯೋಚಿಸುತ್ತಾ ಮನೆಗೆ ಬಂದು ಬೀಡಿ ಕಟ್ಟಲು ಕೂತೆ.

ಮೊದಲ ಎಲೆಯೇ ಹರಿಯಿತು.